ರೇಣವ್ವ ಒಲ್ಲೆನೆಂದ ಬೋರಮಾಳ

ತಿಕೋಟಾದ ಒಣದ್ರಾಕ್ಷಿ ಶೆಡ್ಡಿನಲ್ಲಿ ಕಡ್ಡಿ ಆರಿಸುವ ಹೆಂಗಸರ ನಡುವೆ ರೇಣವ್ವನ ಕೈ ಬಲು ಚುರುಕು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿಲ್ಲ. ಆದರೆ ಓಣಿಯವರು ಪರವೂರಿಗೆ ಹೊರಟರೆ ಮನೆಯ ಕೀಲಿ ಕೊಟ್ಟು ಹೋಗುತ್ತಿದ್ದದ್ದು ಅವಳ ಕೈಗೇ. ಅವಳಿಗಿದ್ದ ಆಸ್ತಿ ಅಂದರೆ ಆ ನಂಬಿಕೆಯೊಂದು.

ಸಾರವಾಡಕ್ಕೆ ಕೊಟ್ಟಿದ್ದ ತಂಗಿ ಸಕ್ರವ್ವನೂ ಅದನ್ನೇ ನೆಚ್ಚಿದಳು. ಸಾಯುವ ಮುಂದೆ ಆಸ್ಪತ್ರೆಯ ಹಾಸಿಗೆಯಲ್ಲೇ ಕೊರಳಿನ ಬೋರಮಾಳ ಬಿಚ್ಚಿ ಅಕ್ಕನ ಉಡಿಯಲ್ಲಿ ಹಾಕಿದಳು. "ನಮ್ಮ ಮನಿಯವರ ಕೈಯಾಗ ಇದು ಉಳಿಯಂಗಿಲ್ಲಕ್ಕಾ. ದಾನಿ ಲಗ್ನದಾಗ ನೀನ ಆಕಿ ಕೊಳ್ಳಾಗ ಹಾಕು." ಬಾರೆಹಣ್ಣಿನಂಥ ಬಂಗಾರದ ಗುಂಡುಗಳು, ಒಳಗೆ ಅರಗು. ಮಗಳು ದಾನೇಶ್ವರಿ ಹಲ್ಲು ಬರುವ ಕಾಲಕ್ಕೆ ಅವ್ವನ ಕೊರಳಿಗೆ ಜೋತುಬಿದ್ದು ಎರಡು ಗುಂಡುಗಳನ್ನು ಕಡಿದು ತಗ್ಗು ಮಾಡಿದ್ದಳು.

ಹನ್ನೊಂದು ವರ್ಷ ರೇಣವ್ವ ಅದನ್ನು ಟ್ರಂಕಿನಲ್ಲಿಟ್ಟು ಕಾಯ್ದಳು. ದಾನೇಶ್ವರಿಗೆ ಗಂಡು ನೋಡುವ ಮಾತು ನಡೆದಾಗ, ಒಂದು ಮಂಗಳವಾರ ಮಧ್ಯಾಹ್ನ ಶೆಡ್ಡಿನಿಂದ ಉಣ್ಣಲು ಬಂದರೆ ಬಾಗಿಲ ಕೊಂಡಿ ಮುರಿದಿತ್ತು, ಟ್ರಂಕು ಬಾಯಿ ತೆರೆದಿತ್ತು. ಬೋರಮಾಳ ಇರಲಿಲ್ಲ. ಅದರ ಜತೆಗಿದ್ದ ಎಲ್ಲಮ್ಮನ ಭಂಡಾರದ ಚೀಲ ಹರಿದು, ಅರಿಷಿಣವೆಲ್ಲ ನೆಲದ ಮೇಲೆ ಚೆಲ್ಲಿತ್ತು. ಅದರ ಮೇಲೆ ಯಾವನದೋ ಚಪ್ಪಲಿಯ ಗುರುತು.

ಬೇರೆಯವರಾದರೆ ಕೂಗಿಕೊಂಡು ಬೀದಿಗೆ ಓಡುತ್ತಿದ್ದರು. ರೇಣವ್ವನ ಜೀವ ಮಾತ್ರ ಮೊದಲು ಭಂಡಾರದ ಮೇಲೆ ಹೋಯಿತು. ತಾಯಿಯ ಭಂಡಾರ ಕಾಲಡಿ ಬಿದ್ದಿದೆ, ಇನ್ನು ಮಂದಿ ಬಂದು ತುಳಿದರೆ? ಸೆರಗಿನಲ್ಲಿ ಬಳಿದು ತುಂಬಿದಳು. ನೆಲ ಸಾರಿಸಿದಳು. ಕಳ್ಳ ಮುಟ್ಟಿದ ಟ್ರಂಕು, ಬಾಗಿಲು ಎಲ್ಲ ತೊಳೆದು ಕುಂಕುಮ ಹಚ್ಚಿದಳು. ಆಮೇಲೆ ಠಾಣೆಯ ಕಡೆ ನಡೆದಳು.

ವಿಜಯಪುರದಿಂದ ಬೆರಳಚ್ಚಿನವರು ಬಂದು ಪುಡಿ ಉದುರಿಸಿ ನೋಡಿದರು. ಏನೂ ಸಿಗಲಿಲ್ಲ. ಪೇದೆ ಮರೆಪ್ಪ ತಲೆಯ ಮೇಲೆ ಕೈ ಹೊತ್ತ.

"ಕಳ್ಳ ಬಿಟ್ಟುಹೋದ ಗುರುತು ನೀನ ತೊಳದಿಯಲ್ಲ ಬೇ!"

"ತಾಯಿ ಭಂಡಾರ ತುಳಕೊಂತ ಕುಂದ್ರಾಕ ಆಗತೈತೇನ್ರಿ ಸಾಹೇಬ್ರ?"

"ಹಂಗಾದ್ರ ತಾಯೀನ ಸಾಕ್ಷಿ ಹೇಳಾಕ ಕರಕೊಂಡ ಬಾ. ಆಕಿ ಒಬ್ಬಾಕೀನ ನೋಡ್ಯಾಳ."

ಓಣಿಯವರು ನಕ್ಕರು. ಸಾರವಾಡದಲ್ಲಿ ಯಾರೂ ನಗಲಿಲ್ಲ. ದಾನೇಶ್ವರಿಯ ಅಪ್ಪ ದಶರಥ ಸುದ್ದಿ ಕೇಳಿ, "ಕಳುವಾದ ಮನಿ ಯಾರರ ತೊಳೀತಾರೇನು? ಬೋರಮಾಳ ತಂದ್ರ ಲಗ್ನಕ್ಕ ಬರ್ಲಿ. ಇಲ್ಲಾಂದ್ರ ನನ್ನ ಹೊಸ್ತಲಾ ತುಳಿಯೂದು ಬ್ಯಾಡ," ಎಂದು ಹೇಳಿ ಕಳಿಸಿದ.

ಅಂದಿನಿಂದ ಪ್ರತಿ ಸಂತೆಯ ದಿನ ರೇಣವ್ವ ಠಾಣೆಯ ಬೆಂಚಿನ ಮೇಲೆ ಹೋಗಿ ಕೂರತೊಡಗಿದಳು. ಮರೆಪ್ಪ ಕೆಟ್ಟವನಲ್ಲ. ಮೊದಮೊದಲು ವಾರಕ್ಕೊಮ್ಮೆ ಓಣಿಗೆ ಬಂದು ಹೋಗುತ್ತಿದ್ದ, ಹೊಸ ಕೊಂಡಿ ಹಾಕಿಸಿಕೊಟ್ಟ, ಚಹಾ ತರಿಸುತ್ತಿದ್ದ. ಬರಬರುತ್ತ ಅವನ ಹತ್ತಿರ ಚಹಾದ ಹೊರತು ಕೊಡಲು ಏನೂ ಉಳಿಯಲಿಲ್ಲ.

ಹದಿನಾಲ್ಕು ತಿಂಗಳಿಗೆ ಒಂದು ದಿನ ಅವನೇ ಫೋನು ಮಾಡಿದ. ಯಾವುದೋ ಕಳ್ಳರ ಗುಂಪು ಸಿಕ್ಕಿದೆ, ವಿಜಯಪುರದಲ್ಲಿ ಮಾಲು ಇಟ್ಟಿದ್ದಾರೆ, ಬಂದು ಗುರುತು ಹಿಡಿಯಬೇಕು. ರೇಣವ್ವ ದಶರಥನನ್ನೂ ಬೇಡಿಕೊಂಡು ಕರೆಸಿದಳು. ಅವನ ಕಣ್ಣೆದುರೇ ಸಿಗಲಿ ಎಂಬ ಆಸೆ.

ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಒಡವೆಗಳು. ನಡುವೆ ಒಂದು ಬೋರಮಾಳ! ರೇಣವ್ವ ಹತ್ತಿರ ಬಗ್ಗಿ ಒಂದೊಂದೇ ಗುಂಡು ನೋಡಿದಳು. ಎಲ್ಲವೂ ದುಂಡಗೆ ಇದ್ದವು. ಹಲ್ಲಿನ ತಗ್ಗು ಎಲ್ಲಿಯೂ ಇರಲಿಲ್ಲ.

"ನಿಮ್ಮದೇನ್ರೀ?" ಅಧಿಕಾರಿ ಕೇಳಿದರು.

ದಶರಥ ಕಿವಿಯಲ್ಲಿ ಉಸುರಿದ. "ಹೂಂ ಅನ್ರಿ ಅಕ್ಕಾರ. ಅದ ತೂಕ, ಅದ ನಮೂನಿ. ದಾನಿಗೆ ಆಗತೈತಿ, ನಿಮ್ಮ ಹೆಸರೂ ಉಳೀತೈತಿ."

ಒಂದು ಹೂಂ ಸಾಕಿತ್ತು. ಹದಿನಾಲ್ಕು ತಿಂಗಳ ಬೆಂಚು, ಓಣಿಯ ಪಿಸುಮಾತು, ತಂಗಿಯ ಮಗಳ ಮುನಿಸು, ಎಲ್ಲ ಅಲ್ಲೇ ತೀರುತ್ತಿದ್ದವು. ಮೇಜಿನ ಆಚೆಗೆ ಇನ್ನೂ ಏಳೆಂಟು ಹೆಂಗಸರು ಸರದಿ ನಿಂತಿದ್ದರು. ಅವರಲ್ಲಿ ಯಾರ ಕೊರಳಿನದೋ ಇದು. ರೇಣವ್ವ ಅಧಿಕಾರಿಯ ಕಡೆ ತಿರುಗಿದಳು.

"ನಮ್ಮದಲ್ರೀ ಸಾಹೇಬ್ರ," ಎಂದಳು.

ಹೊರಗೆ ಬಂದ ಕೂಡಲೇ ದಶರಥ ತಿರುಗಿ ನಿಂತ. "ಈಗ ಖರೇ ಗೊತ್ತಾತು ನೋಡ್ರಿ. ಅದು ಎಲ್ಲೈತಿ ಅಂತ ನಿಮಗ ತಿಳದೈತಿ. ಅದಕ್ಕ ಇದು ಅಲ್ಲ ಅಂತ ಇಷ್ಟು ಗಟ್ಟಿಯಾಗಿ ಅಂದ್ರಿ."

"ಯಪ್ಪಾ, ಗುಂಡಿನ ಮ್ಯಾಲ ಹಲ್ಲಿನ ಗುರುತು..."

"ಸಾಕ್ರಿ. ಕಳ್ಳರು ಸಿಕ್ರೂ ನಿಮ್ಮ ಮಾಲು ಸಿಗಲಿಲ್ಲ ಅಂದ್ರ ಏನನ್ನೂದು?"

ಅವನು ಸಾರವಾಡದ ಬಸ್ಸು ಹತ್ತಿದ. ರೇಣವ್ವ ತಿಕೋಟಾದ ಬಸ್ಸಿನಲ್ಲಿ ಕುಳಿತು, ಟಿಕೇಟು ಕೇಳಿದ ಕಂಡಕ್ಟರನಿಗೂ "ನಮ್ಮದಲ್ರೀ" ಅಂದುಬಿಟ್ಟಳಂತೆ.

ದೀಪಾವಳಿ ಕಳೆದ ಮೇಲೆ ಮರೆಪ್ಪ ಒಂದು ನೋಟಿಸು ಹಿಡಿದು ಮನೆಗೆ ಬಂದ. ಅಂಗಳದಲ್ಲಿ ನಿಂತೇ ಹೇಳಿದ, "ಯವ್ವಾ, ಸಿ ರಿಪೋರ್ಟ್ ಹಾಕ್ಯಾರ. ಅಂದ್ರ ಕೇಸು ಮುಚ್ಚಿದಂಗ. ಮುಂದ ಏನರ ಸಿಕ್ರ ತಿರುಗಿ ತಗೀತಾರ."

"ಏನ ಬರದಾರ ಓದ್ರಿ."

ಅವನು ಓದಿದ. ಕಳವು ನಡೆದದ್ದು ನಿಜ, ಆದರೆ ಕಳ್ಳರೂ ಮಾಲೂ ಪತ್ತೆಯಾಗಿಲ್ಲ.

"ನಡೆದದ್ದು ನಿಜ ಅಂತ ಸರಕಾರನ ಬರದೈತೇನ್ರಿ?" ರೇಣವ್ವನ ಮುಖಕ್ಕೆ ಎಷ್ಟೋ ದಿನಕ್ಕೆ ಕಳೆ ಬಂತು. "ಸಾಹೇಬ್ರ, ಸಾರವಾಡಕ್ಕ ಫೋನ್ ಹಚ್ಚಿ ಅಷ್ಟು ಸಾಲು ಓದಿ ಹೇಳ್ರಿ. ನಿಮ್ಮ ಬಾಯಿಂದ ಹೇಳ್ರಿ."

ಅವನು ಫೋನು ಹಚ್ಚಿದ. ಎತ್ತಿದವಳು ದಾನೇಶ್ವರಿ. ಮರೆಪ್ಪ ಓದಿದ್ದನ್ನು ಕೇಳಿಸಿಕೊಂಡು, ಅಪ್ಪನಿಗೆ ಹೇಳಿ ಬಂದಳು. ಮರೆಪ್ಪ ಫೋನನ್ನು ರೇಣವ್ವನ ಕಿವಿಗೆ ಹಿಡಿದ.

"ದೊಡವ್ವಾ, ಕಳುವು ಆಗೇತಿ ಅಂತ ಬರದಾರ, ಯಾರು ಮಾಡ್ಯಾರ ಅಂತ ಬರದಿಲ್ಲಲ್ಲ ಅಂತಾನ ಅಪ್ಪ. ಸೋಮವಾರ ನನ್ನ ಲಗ್ನ. ನೀ ಬರಬ್ಯಾಡ. ಮಂದ್ಯಾಗ ಏನರ ಅಂತಾನ."

"ಬರೂದಿಲ್ಲ, ಬಿಡವ್ವಾ. ನೀನರ ನನ್ನ ನಂಬತೀ ಏನ?"

ಆಚೆ ಕಡೆ ಬಳೆಗಾರನ ಜತೆ ಹೆಂಗಸರು ಚೌಕಾಸಿ ಮಾಡುವ ಗದ್ದಲ ಕೇಳುತ್ತಿತ್ತು. ಅದರ ನಡುವೆಯೇ ಫೋನು ಕಟ್ಟಾಯಿತು.

ಮರೆಪ್ಪ ಬಗ್ಗಿಸಿದ ತಲೆ ಎತ್ತದೆ ಹೇಳಿದ. "ಈ ರಿಪೋರ್ಟ್ ಒಪ್ಪಿಗಿ ಇಲ್ಲಾಂದ್ರ ಕೋರ್ಟಿನಾಗ ತಕರಾರು ಮಾಡಾಕ ಬರತೈತಿ ಬೇ. ಮಾಡತೀಯೇನು?"

"ತಕರಾರು ಯಾರ ಮ್ಯಾಲ ಮಾಡ್ಲಿ ಯಪ್ಪಾ?"

ನೋಟಿಸಿನಲ್ಲಿ ತಕರಾರಿಲ್ಲ ಎಂದು ಅವನು ತೋರಿಸಿದ ಜಾಗದಲ್ಲಿ ರೇಣವ್ವ ತನಗೆ ಬರುವ ಮೂರಕ್ಷರ ಬರೆದು, ಪೆನ್ನು ತಿರುಗಿ ಕೊಟ್ಟಳು.