ಇಂದ್ರಾಬಾಯಿಯ ಮುಷ್ಟಿಯ ಉಪ್ಪು

ನಮ್ಮೂರು ತಾಂಬಾದಲ್ಲಿ ಯಾರ ಮನೆಯ ಊಟವಿದ್ದರೂ ಪಚಡಿ ಕಲಸುವವಳು ಇಂದ್ರಾಬಾಯಿಯೇ. ನನ್ನ ಅಂಗಡಿಯ ಕುಸುಬಿ ಎಣ್ಣೆಯನ್ನು ಮೂಸಿ, “ದೀಪಕ್ಕ ಛಲೋ ಐತ್ರಿ ಸಾವಕಾರ್ರ” ಎಂದು ಚುಚ್ಚಿಯೇ ಒಯ್ಯುತ್ತಾಳೆ. ಸವತಿಕಾಯಿ, ಗಜ್ಜರಿ, ಹಸಿ ಮೆಂತ್ಯಸೊಪ್ಪಿಗೆ ಶೇಂಗಾಪುಡಿ, ಒಗ್ಗರಣೆ ಬಿದ್ದರೂ ಉಪ್ಪು ಮಾತ್ರ ಅವಳ ಮುಷ್ಟಿಯಲ್ಲೇ ಇರುತ್ತದೆ. ಮೊದಲೇ ಹಾಕಿದರೆ ಪಚಡಿ ನೀರು ಬಿಡುತ್ತದೆ, ಹಸಿದವರು ಬೇಕಾದರೆ ಕಾಯಲಿ ಎಂಬುದು ಅವಳ ಕಾಯಿದೆ. “ಎಲ್ಲಾರೂ ಕುಂತ್ರೇನ್ರಿ?” ಎಂದು ಅವಳು ಕೂಗಿದಾಗ, ಯಾವಾಗಲೂ ಕೊನೆಗೆ ಬರುವ ಗಂಡ ಅಮೋಘಸಿದ್ಧ ಕಾಲು ತೊಳೆಯುತ್ತಲೇ, “ಹಾಕ ಉಪ್ಪು, ಬಂದೆ ನಾ!” ಎನ್ನಬೇಕು; ಆಗಲೇ ಮುಷ್ಟಿ ಬಿಚ್ಚುವುದು. ಅಮೋಘಸಿದ್ಧ ತೀರಿಕೊಂಡ; ಮೊನ್ನೆ ಅವನ ದಿವಸದ ಊಟವಾಯಿತು. ಬೇಡವೆಂದರೂ ಕೇಳದೆ ಅವಳೇ ಪಚಡಿ ಕಲಸಿದಳು, ಎಂದಿನಂತೆ ಕೂಗಿ ಕಾಲು ತೊಳೆಯುವ ಕಡೆಗೆ ನೋಡಿದಳು. ಉತ್ತರ ಬರಲಿಲ್ಲ, ಮುಷ್ಟಿ ಬಿಚ್ಚಲಿಲ್ಲ. ಸಪ್ಪೆ ಪಚಡಿಯನ್ನೇ ಬಡಿಸಿದಳು. ಪಂಕ್ತಿಯಲ್ಲಿ ಒಬ್ಬರೂ ಉಪ್ಪು ಕೇಳಲಿಲ್ಲ.