ಮೆಟ್ಟಿಲ ಮೇಲೆ ನಿದ್ದೆ ಹೋದವರು

ಅವನನ್ನು ಕೋಣೆಯವರೆಲ್ಲ ಗರಿಗರಿ ಎಂದು ಕರೆಯುತ್ತಿದ್ದರು. ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸುವ, ಹೊದೆಯುವ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಕೆಲಸ ಅವನದು. ದಿನವಿಡೀ ಹಬೆಯಲ್ಲಿ ಬೆಂದರೂ ಹೊರಗೆ ಬರುವಾಗ ಅಂಗಿಯಲ್ಲಿ ಒಂದು ಸುಕ್ಕು ಕಾಣುತ್ತಿರಲಿಲ್ಲ. "ಇವನಿಗಿಂತ ಮುಂಚೆ ಇವನ ಅಂಗಿ ಬರತ್ತೆ ನೋಡ್ರೋ" ಎಂದು ಜೊತೆಯವರು ಛೇಡಿಸಿದರೆ ಅವನೂ ನಗುತ್ತಿದ್ದ. ಪರದೇಶದಲ್ಲಿ ಮುದುರಿದ ಅಂಗಿಯವನ ಮುಖವನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ ಎಂಬುದು ಬಂದ ಹೊಸತರಲ್ಲೇ ಅವನಿಗೆ ಅರ್ಥವಾಗಿತ್ತು.

ಅವನನ್ನು ಆ ದೇಶಕ್ಕೆ ಕರೆಸಿಕೊಂಡವರು ಭಾವ, ಅಂದರೆ ಅಕ್ಕನ ಗಂಡ. ಅಕ್ಕ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಹೆಂಡತಿಯೇ ಹೋದ ಮೇಲೆ ಅವಳ ತಮ್ಮ ನನಗೇನಾಗಬೇಕು ಎಂದು ಕೈತೊಳೆದುಕೊಳ್ಳುವ ಭಾವಂದಿರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಇವರು ಆ ಜಾತಿಯವರಲ್ಲ. ಕೆಲಸ ಹುಡುಕಿಕೊಟ್ಟರು, ತಮ್ಮ ಹಾಸಿಗೆಯಲ್ಲೇ ಅರ್ಧ ಕೊಟ್ಟರು. ಅರ್ಧ ಎಂದರೆ ಅಗಲದಲ್ಲಲ್ಲ, ಹೊತ್ತಿನಲ್ಲಿ. ಅವರದು ಬೇಕರಿಯಲ್ಲಿ ರಾತ್ರಿ ಪಾಳಿ, ಇವನದು ಹಗಲು ಪಾಳಿ. ಇವನು ಎದ್ದ ಹಾಸಿಗೆಯಲ್ಲಿ ಅವರು, ಅವರು ಎದ್ದ ಹಾಸಿಗೆಯಲ್ಲಿ ಇವನು. ಆ ಕೋಣೆಯ ಹಾಸಿಗೆಗಳೆಲ್ಲ ಇಂಥವೇ. ಒಂದೂ ತಣ್ಣಗಾದದ್ದೇ ಇಲ್ಲ. ಹಾಸಿಗೆ ಒಂದೇ ಆದರೂ ಭಾವ, ಭಾವಮೈದುನರಿಬ್ಬರೂ ಮುಖ ನೋಡುತ್ತಿದ್ದದ್ದು ಬಾಗಿಲಲ್ಲಿ ಎದುರಾದಷ್ಟೇ ಹೊತ್ತು.

"ಬಿಸಿ ಮಾಡಿಟ್ಟಿದೀನಿ ಭಾವ, ಮಲಗಿ" ಎಂದು ಬೆಳಿಗ್ಗೆ ಇವನು.

"ದಿಂಬು ತಿರುಗಿಸಿ ಹಾಕ್ಕೋ, ಹಿಟ್ಟು ಅಂಟಿದೆ" ಎಂದು ಸಂಜೆ ಅವರು.

ಇವನ ಹೆಂಡತಿ ಊರಿನಲ್ಲಿದ್ದಳು. ಮಗಳು ಹುಟ್ಟಿದ್ದು ಇವನು ಈ ಕಡೆ ಬಂದ ಮೇಲೆ. ಫೋನಿನ ಪರದೆಯಲ್ಲಿ ಮಾತ್ರ ಕಂಡಿದ್ದ ಆ ಮಗು ಅಪ್ಪ ಎಂದರೆ ಭುಜದಿಂದ ಮೇಲಷ್ಟೇ ಇರುವ ಮನುಷ್ಯ ಎಂದುಕೊಂಡಿತ್ತು. ಒಂದು ದಿನ "ಅಪ್ಪಂಗೆ ಕಾಲಿದೆಯಾ ಅಮ್ಮ?" ಎಂದು ಕೇಳಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಇವನಿಗೆ ಅಂದು ಅನ್ನ ಸೇರಲಿಲ್ಲ. ತಾಯಿ ಮಗಳನ್ನು ಕರೆಸಿಕೊಳ್ಳಲು ಆ ದೇಶದ ಕಾನೂನಿನ ಅಡ್ಡಿ ಇರಲಿಲ್ಲ, ಆದರೆ ಇವನ ಹೆಸರಿನಲ್ಲಿ ಒಂದು ಬಾಡಿಗೆ ಮನೆ ಇರಬೇಕಿತ್ತು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಪರದೇಶದಲ್ಲಿ ಮನೆ ಬಾಡಿಗೆಗೆ ಕೇಳಿ ನೋಡಿರಲಿಲ್ಲ. ಫೋನಿನಲ್ಲಿ ಖಾಲಿ ಇದ್ದ ಮನೆ ಇವನು ಬಾಗಿಲು ತಟ್ಟುವ ಹೊತ್ತಿಗೆ ಭರ್ತಿಯಾಗಿರುತ್ತಿತ್ತು. ಒಬ್ಬನಂತೂ ಮುಖಕ್ಕೆ ಹೊಡೆದ ಹಾಗೆ, "ನೀವು ಒಬ್ಬರು ಅಂತ ಬರ್ತೀರಿ, ಆಮೇಲೆ ಹತ್ತು ಜನ ಆಗ್ತೀರಿ" ಎಂದ. ಅದು ಸುಳ್ಳು ಎನ್ನಲು ಬಾಯಿ ಬರಲಿಲ್ಲ, ನಿಜವೇ ಆಗಿತ್ತಲ್ಲ. ಯಾರೂ ಮನೆ ಕೊಡದಿದ್ದರೆ ಹತ್ತು ಜನ ಒಂದೇ ಕೋಣೆಯಲ್ಲಿ ತುರುಕಿಕೊಳ್ಳದೆ ಏನು ಮಾಡಬೇಕು ಎಂದು ಆ ಮಹಾನುಭಾವನನ್ನು ಕೇಳುವವರು ಯಾರು?

ಕೊನೆಗೆ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಒಬ್ಬ ಟೀಚರಮ್ಮ ತಮ್ಮ ಮನೆಯ ಮೇಲಂತಸ್ತು ಕೊಡಲು ಅರ್ಧ ಮನಸ್ಸು ಮಾಡಿದರು. ಎರಡು ಕೋಣೆ, ಬಿಸಿಲು ಬೀಳುವ ಅಡುಗೆಮನೆ. ಒಂದು ಕೋಣೆ ಭಾವನಿಗೆ ಎಂದು ಇವನು ನಿಂತ ನಿಲುವಿನಲ್ಲೇ ಲೆಕ್ಕ ಹಾಕಿದ. ಟೀಚರಮ್ಮ ಖಂಡಿತವಾದಿ.

"ನೀನು, ಹೆಂಡತಿ, ಮಗು. ಇನ್ನೊಬ್ಬರು ಬಂದು ಸೇರ್ಕೋತೀನಿ ಅಂದ್ರೆ ಆಗಲ್ಲ. ಈಗ ಇರೋ ಮನೇನ ಹೇಗಿಟ್ಕೊಂಡಿದೀಯ ಅಂತ ನಾನೇ ಬಂದು ನೋಡ್ತೀನಿ" ಎಂದರು.

ಕೋಣೆಯಲ್ಲಿ ಮದುವೆ ಮನೆಯ ಗಡಿಬಿಡಿ ಶುರುವಾಯಿತು. ಒಂದು ಹಾಸಿಗೆ ಬಿಟ್ಟು ಉಳಿದವು ಮಹಡಿ ಹತ್ತಿದವು. ಪೆಟ್ಟಿಗೆಗಳು ಕೆಳಗಿನ ಅಂಗಡಿಯ ಹಿಂದೆ ಹೋದವು. ಒಂದು ಹಲ್ಲುಜ್ಜುವ ಬ್ರಷ್ ಉಳಿಸಿ ಮಿಕ್ಕವನ್ನು ಅವರವರ ಜೇಬಿಗೆ ಹಾಕಿಕೊಂಡರು. ಗೋಡೆಯ ಮೇಲಿದ್ದ ತಂತಮ್ಮ ಮಕ್ಕಳ ಫೋಟೋಗಳನ್ನೂ ತೆಗೆದರು. ಮಧ್ಯಾಹ್ನ ಎಲ್ಲರೂ ಬೂಟು ಏರಿಸಿ, ಕೊರೆಯುವ ಚಳಿಯಲ್ಲಿ ಪಾರ್ಕಿನ ಕಡೆ ಹೊರಟರು. ರಾತ್ರಿಯೆಲ್ಲ ಹಿಟ್ಟು ನಾದಿ ಬಂದಿದ್ದ ಭಾವನಿಗೆ ಅದು ನಿದ್ದೆಯ ಹೊತ್ತು.

"ನನ್ನ ಚಿಂತೆ ಬಿಡು, ಕುದುರೆ ಥರ ನಿಂತೇ ನಿದ್ದೆ ಹೊಡೀತೀನಿ" ಎಂದು ಅವರೂ ಎದ್ದು ಹೋದರು.

ಟೀಚರಮ್ಮ ಬಂದರು. ಬಾಗಿಲು ತೆರೆದಾಗಲೇ ಇವನು ಅದನ್ನು ನೋಡಿದ್ದು. ಹೊಸ್ತಿಲ ಪಕ್ಕದಲ್ಲಿ ಮನೆಯೊಳಗೆ ಹಾಕುವ ಚಪ್ಪಲಿಗಳು ಉದ್ದಕ್ಕೆ ಸಾಲಾಗಿ ಕೂತಿದ್ದವು. ಮನೆಗೆ ಬಂದವರು ಬೂಟು ಕಳಚಿ ಅವನ್ನು ಮೆಟ್ಟುವುದು, ಹೊರಡುವಾಗ ಅವನ್ನು ಬಿಟ್ಟು ಬೂಟು ಹಾಕುವುದು. ಫೋಟೋ, ಬ್ರಷ್ಷುಗಳನ್ನೂ ಬಿಡದ ಜನಕ್ಕೆ ದಿನಾ ಕಾಲಡಿಯಲ್ಲಿರುವ ಚಪ್ಪಲಿ ಕಣ್ಣಿಗೆ ಬಿದ್ದಿರಲಿಲ್ಲ.

"ಇಷ್ಟೊಂದು ಯಾರದು?"

"ನಂದೇ."

"ಈ ಆನೆ ಕಾಲೂ ನಿಂದೇ, ಈ ಪುಟ್ಟ ಕಾಲೂ ನಿಂದೇನಾ?"

"ಸ್ನೇಹಿತರು ಬಂದು ಹೋಗ್ತಿರ್ತಾರೆ... ಬಿಟ್ಟು ಹೋಗಿರ್ತಾರೆ."

ಬಂದು ಹೋಗುವವರಿಗೂ ಇಲ್ಲಿ ಮನೆ ಚಪ್ಪಲಿಯೇ ಎಂದು ಟೀಚರಮ್ಮ ಕೇಳಲಿಲ್ಲ, ಕೇಳಿದ ಹಾಗೆ ನೋಡಿದರು. ಒಲೆಯ ಮೇಲೆ ಬೆರಳಾಡಿಸಿದರು, ಮಡಿಸಿಟ್ಟ ಹೊದಿಕೆ ಮುಟ್ಟಿದರು. "ಚೊಕ್ಕಟವಾಗೇನೋ ಇದೆ" ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಹೇಳಿ ಹೊರಟರು. ಇವನು ಬೀಳ್ಕೊಡಲು ಹಿಂದೆಯೇ ಇಳಿದ.

ಮೆಟ್ಟಿಲಿನ ತಿರುವಿನಲ್ಲಿ ಭಾವ ಇದ್ದರು. ಪಾರ್ಕಿನ ಚಳಿ ತಡೆಯಲಾರದೆ ಮರಳಿ ಬಂದು, ಒಳಗೆ ಬರಬಾರದೆಂದು ಅಲ್ಲೇ ಗೋಡೆಗೆ ಒರಗಿ ಕೂತವರು ಹಾಗೆಯೇ ನಿದ್ದೆ ಹೋಗಿದ್ದರು. ಬಾಯಿ ಅರೆ ತೆರೆದಿತ್ತು, ಹುಬ್ಬಿನಲ್ಲಿ ಹಿಟ್ಟು ಅಂಟಿತ್ತು.

"ಇವನ್ಯಾರು? ಆ ಚಪ್ಪಲಿಗಳಲ್ಲಿ ಇವನದೂ ಒಂದಾ?"

"ಅಲ್ಲ. ಗೊತ್ತಿಲ್ಲ. ಯಾರೋ."

"ಹಾಗಾದ್ರೆ ಎಬ್ಬಿಸಿ ಕಳಿಸು. ಇಂಥವರನ್ನ ಒಂದು ಸಲ ಸುಮ್ನೆ ಬಿಟ್ರೆ ಅದೇ ಅಭ್ಯಾಸ ಆಗತ್ತೆ."

 ಅವನು ಬಗ್ಗಿದ. ಮಗಳಿಗಾಗಿ ಬಗ್ಗಿದ, ಬೇರೆ ಯಾರಿಗಾಗಿಯೂ ಮನುಷ್ಯ ಅಂಥ ಕೆಲಸ ಮಾಡಲಾರ. ಭುಜ ಹಿಡಿದು ಅಲ್ಲಾಡಿಸಿ, "ಏಯ್, ಏಳು. ಇಲ್ಲೆಲ್ಲ ಮಲಗಬಾರದು. ನಡಿ ಆಚೆ" ಎಂದ.

ಭಾವ ಕಣ್ಣು ಬಿಟ್ಟರು. ಮನೆಯ ಹುಡುಗನನ್ನು ಕಂಡು ಮುಖ ಅರಳಿತು. ಆಮೇಲೆ ಹಿಂದೆ ನಿಂತ ಹೆಂಗಸನ್ನು ಕಂಡರು. "ತಪ್ಪಾಯ್ತು ಸಾರ್" ಎಂದು ಎದ್ದು, ಕಂಬಿ ಹಿಡಿದು, ನೋಯುವ ಮಂಡಿಯಲ್ಲಿ ಒಂದೊಂದೇ ಮೆಟ್ಟಿಲು ಇಳಿದು ಹೋದರು.

"ಕಟ್ಟುನಿಟ್ಟಿನ ಮನುಷ್ಯ ನೀನು" ಎಂದರು ಟೀಚರಮ್ಮ. "ಮನೆ ನಿಂಗೇ."

ಆ ಸಂಜೆ ಬಾಗಿಲಲ್ಲಿ ಎದುರಾದಾಗ ಇವನು ತಲೆ ಎತ್ತಲಿಲ್ಲ. ಭಾವನೇ ಮಾತೆತ್ತಿದರು.

"ಸಿಕ್ತಾ?"

"ಸಿಕ್ತು."

"ಮತ್ತೆ ಯಾಕೆ ಹರಳೆಣ್ಣೆ ಕುಡಿದವರ ಥರ ನಿಂತಿದೀಯ? ಹೋಗು, ಮಲಕ್ಕೋ. ಹಾಸಿಗೆ ತಣ್ಣಗಿದೆ ಇವತ್ತು, ನಾನು ಮಲಗಲಿಲ್ಲ."

ಹೆಂಡತಿ, ಮಗಳು ಬಂದರು. ಮಗು ಬಂದ ದಿನ ಅಪ್ಪನ ಕಾಲುಗಳನ್ನು ಕಣ್ಣು ತುಂಬ ನೋಡಿತು. ಇವನು ಬಯಸಿದ್ದೆಲ್ಲ ಆ ಮನೆಯಲ್ಲಿತ್ತು, ಒಂದು ಕೋಣೆ ಮಾತ್ರ ಖಾಲಿ ಉಳಿಯಿತು. ಭಾವ ಒಂದು ಸಲವೂ ಆ ಬೀದಿಗೆ ಕಾಲಿಡಲಿಲ್ಲ. ಹೆಂಡತಿ ಕೇಳಿದಾಗಲೆಲ್ಲ ಇವನು ಪಾಳಿ, ಮಂಡಿನೋವು, ಚಳಿ ಎಂದು ಒಂದೊಂದೇ ನೆಪ ಪೋಣಿಸಿದ. ನೆಪಗಳೂ ಎಷ್ಟೆಂದು ಹುಟ್ಟುತ್ತವೆ? ಒಂದು ದಿನ ಎಲ್ಲ ಹೇಳಿಬಿಟ್ಟ. ಹೆಂಡತಿ ಕೂಗಾಡಲಿಲ್ಲ. ಮಗಳಿಗೆ ತಲೆ ಬಾಚಿ ಮುಗಿಸಿ, "ಮನೆ ಹೋದ್ರೆ ಹೋಗ್ಲಿ. ಕೆಳಗೆ ಹೋಗಿ ನಿಜ ಹೇಳಿ ಬನ್ನಿ" ಎಂದಳು.

ಹೇಳಿದ. ಟೀಚರಮ್ಮ ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು.

"ಸ್ವಂತ ಅಕ್ಕನ ಗಂಡ?" ಎಂದರು. "ನಾನು ಎಬ್ಬಿಸು ಅಂದೆ, ನೀನು ಎಬ್ಬಿಸ್ದೆ. ತಪ್ಪು ಇಬ್ಬರದೂ ಸಮ. ಹೋಗು, ಕರ್ಕೊಂಡು ಬಾ ಅವರನ್ನ. ಇಲ್ಲೇ ಇರ್ಲಿ."

ಅವನು ಓಡುನಡಿಗೆಯಲ್ಲಿ ಹಳೆಯ ಕೋಣೆಗೆ ಹೋದ. ನಡು ಹಗಲು. ಮಿಕ್ಕವರು ಹೊದ್ದು ಮಲಗಿದ್ದರು. ಭಾವ ಮಾತ್ರ ಹಾಸಿಗೆಯ ಮೇಲೆ ಎದ್ದು ಕೂತಿದ್ದರು, ಕಣ್ಣ ಕೆಳಗೆ ಕಪ್ಪು ಇಳಿದಿತ್ತು.

"ಟೀಚರಮ್ಮನೇ ಒಪ್ಪಿದಾರೆ ಭಾವ. ಕೋಣೆ ಕಾಯ್ತಿದೆ, ಏಳಿ ಹೋಗೋಣ" ಎಂದ. ಉಳಿದದ್ದನ್ನು ಹೇಳಲಾಗದೆ ಅತ್ತುಬಿಟ್ಟ.

"ನಿನ್ಮೇಲೆ ಸಿಟ್ಟಿಲ್ಲ ಕಣೋ" ಎಂದರು ಭಾವ. "ನಿನ್ನ ಜಾಗದಲ್ಲಿ ನಾನಿದ್ರೂ ಎಬ್ಬಿಸ್ತಿದ್ದೆ. ಹೆತ್ತವನು ಇನ್ನೇನು ಮಾಡ್ತಾನೆ?"

"ಹಾಗಾದ್ರೆ ಬನ್ನಿ."

"ಬರೋಕೆ ಆಸೆ ಇಲ್ಲ ಅಂತೀಯಾ? ಆದ್ರೆ ಅವತ್ತಿಂದ ನನಗೆ ಹಗಲು ನಿದ್ದೆ ಹತ್ತಲ್ಲ. ಕಣ್ಣು ಮುಚ್ಚೋ ಹೊತ್ತಿಗೆ ಯಾರೋ ಭುಜ ಹಿಡಿದು ಅಲ್ಲಾಡಿಸಿದ ಹಾಗಾಗತ್ತೆ. ಇಲ್ಲಿ ಕಣ್ಣು ಬಿಟ್ಟು ನೋಡಿದ್ರೆ ಯಾರೂ ಇರಲ್ಲ, ಸಮಾಧಾನ ಆಗತ್ತೆ. ನಿನ್ನ ಮನೇಲಿ ಕಣ್ಣು ಬಿಟ್ರೆ ನೀನೇ ಇರ್ತೀಯಲ್ಲೋ."

ಅವನು ಒಬ್ಬನೇ ಮನೆಗೆ ಹೋದ.