ಅಜ್ಜಿಯನ್ನು ತೆಗೆಯಿರಿ

ನನ್ನ ಬಾಯಿ ಕೆಟ್ಟದ್ದು ಎಂದು ಬೈಲಹೊಂಗಲದ ಬಜಾರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಇಪ್ಪತ್ತು ವರ್ಷದಿಂದ ಕನ್ನಡಕದ ಅಂಗಡಿ ನಡೆಸುತ್ತಿದ್ದೇನೆ. ನಂಬರ್ ತೆಗೆಸಿಕೊಳ್ಳಲು ಬಂದವರು ಗೋಡೆಯ ಮೇಲಿನ ಅಕ್ಷರಗಳನ್ನು ನೆನಪಿಟ್ಟುಕೊಂಡು ಒಪ್ಪಿಸತೊಡಗಿದರೆ, “ನನಗ್ಯಾಕ ಮೋಸ ಮಾಡ್ತೀರಿ, ನಾಳೆ ಗಟಾರಕ್ಕ ಬೀಳಾವ್ರು ನೀವು” ಎಂದು ಬೈದೇ ಬಿಡುತ್ತೇನೆ. ಮಂದಿ ನಗುತ್ತಾರೆ, ಮತ್ತೆ ಬರುತ್ತಾರೆ. ಬಾಯಿ ಕೆಟ್ಟದ್ದಾದರೂ ಮನಸ್ಸು ಒಳ್ಳೆಯದು ಎಂದು ನನ್ನ ಹೆಂಡತಿ ಬೀಗರ ಮುಂದೆ ಹೇಳಿಕೊಳ್ಳುತ್ತಾಳೆ. ಅದೇನೂ ಖರೆಯಲ್ಲ.

ಹೋದ ವರ್ಷ ಫೋನಿನಲ್ಲಿ ಒಂದು ಕಥೆ ಬರುತ್ತಿತ್ತು. ಓದುವುದಲ್ಲ, ಕೇಳುವುದು. ಪ್ರತಿ ಗುರುವಾರ ಒಂದು ಕಂತು. ಭೂಮಿ ಬಿಟ್ಟು ಮೂರು ತಲೆಮಾರಾದ ಒಂದು ಹಡಗು ನಕ್ಷತ್ರಗಳ ನಡುವೆ ಹೋಗುತ್ತಿದೆ, ಇನ್ನೂ ಯಾವ ಗ್ರಹವನ್ನೂ ಮುಟ್ಟಿಲ್ಲ. ಅದರ ಅಡುಗೆಮನೆ ನೋಡಿಕೊಳ್ಳುತ್ತಿದ್ದ ಮುದುಕಿ ಮೂರನೆಯ ಕಂತಿಗೇ ಸಾಯುತ್ತಾಳೆ. ಸಾಯುವ ಮುಂಚೆ ಅವಳ ದನಿ, ನೆನಪು ಎಲ್ಲವನ್ನೂ ಹಡಗಿನ ಯಂತ್ರದೊಳಗೆ ತುಂಬಿಡುತ್ತಾರೆ. ಅಲ್ಲಿಂದ ಮುಂದೆ ಅವಳು ಬರೀ ದನಿ, ಎಲ್ಲರಿಗೂ ಅಜ್ಜಿ. ಬೆಳಿಗ್ಗೆ ಎಬ್ಬಿಸುವವಳು ಅವಳು, ಉಂಡಿರೋ ಇಲ್ಲವೋ ಎಂದು ವಿಚಾರಿಸುವವಳು ಅವಳು, ಮೂಗು ಒರೆಸಿಕೊಳ್ಳಲು ಬಾರದವನು ಹಡಗು ನಡೆಸುತ್ತಾನಂತೆ ಎಂದು ಕ್ಯಾಪ್ಟನ್ನನಿಗೆ ಬೈಯುವವಳೂ ಅವಳೇ. ಮಿಕ್ಕವರೆಲ್ಲ ಪುಸ್ತಕದ ಕನ್ನಡ ಆಡಿದರೆ ಅವಳು ಮಾತ್ರ ನಮ್ಮ ಸೀಮೆಯ ಮಾತು ಆಡುತ್ತಿದ್ದಳು.

ಈ ಕಥೆಯ ಹುಚ್ಚು ಹತ್ತಿದವರು ನಾವು ನಾಲ್ವರು. ನಾನು, ಕಿತ್ತೂರಿನ ಒಬ್ಬ ಗಣಿತದ ಮಾಸ್ತರರು, ರಾಮದುರ್ಗದಾಚೆ ಸುರೇಬಾನದಲ್ಲಿ ಮಗ್ಗ ಇಟ್ಟುಕೊಂಡ ಒಬ್ಬ ನೇಕಾರ, ಮತ್ತು ಸವದತ್ತಿಯ ಒಬ್ಬ ಬಸ್ ಕಂಡಕ್ಟರ್. ಈ ಕಂಡಕ್ಟರ್ ಹೆಣ್ಣುಮಗಳು. ನನಗಿಂತ ಚಿಕ್ಕವಳು, ಆದರೂ ನಾನು ಅಕ್ಕಾರ ಎನ್ನುತ್ತಿದ್ದೆ, ಅವಳು ನನಗೆ ಅಣ್ಣಾರ ಎನ್ನುತ್ತಿದ್ದಳು. ನಮ್ಮ ಪರಿಚಯವಾದದ್ದೇ ಅವಳ ಬಸ್ಸಿನಲ್ಲಿ. ಒಂದು ಗುರುವಾರ ನನ್ನ ಫೋನಿನಿಂದ ಅಜ್ಜಿಯ ಬೈಗುಳ ಕೇಳಿ, ಟಿಕೆಟು ಹರಿಯುವುದನ್ನು ಬಿಟ್ಟು, “ಅಯ್ಯ, ನೀವೂ ಕೇಳ್ತೀರೇನ್ರಿ!” ಎಂದು ನಿಂತುಬಿಟ್ಟಿದ್ದಳು. ರವಿವಾರ ಮಧ್ಯಾಹ್ನ ಅಂಗಡಿಯ ಅರ್ಧ ಬಾಗಿಲು ಎಳೆದುಕೊಂಡು ನಾಲ್ವರೂ ಕೂಡುತ್ತಿದ್ದೆವು. ಮಿರ್ಚಿ, ಚುರಮರಿ, ಚಹಾ, ಜಗಳ.

ಜಗಳಕ್ಕೆ ನಾನೊಂದು ಪದ್ಧತಿ ಹಾಕಿದ್ದೆ. ನನ್ನ ಸೋದರಮಾವ ಗೀಗೀ ಮೇಳದಲ್ಲಿ ಹರದೇಶಿ ಹಾಡುತ್ತಿದ್ದವನು. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡಬೇಕು, ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಹಾಡಬೇಕು. ಒಬ್ಬರು ಸವಾಲು ಹಾಕಿದರೆ ಇನ್ನೊಬ್ಬರು ಜವಾಬು ಕೊಡಬೇಕು, ಜವಾಬು ಬಾರದವರು ಸೋತಂತೆ. ಮಾವ ಮನೆಯಲ್ಲಿ ಅತ್ತೆಗೆ ಹೆದರಿ ಸಾಯುತ್ತಿದ್ದ, ಆದರೆ ಮೇಳದಲ್ಲಿ ದಪ್ಪು ಬಡಿಯಲು ನಿಂತರೆ ಹೆಣ್ಣುಕುಲವನ್ನೇ ಅರೆದುಬಿಡುತ್ತಿದ್ದ. ಮನಸ್ಸಿನಲ್ಲಿ ಏನಿದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಹಿಡಿದ ಪಕ್ಷ ಬಿಡಬಾರದು, ಅಷ್ಟೇ. ನಾವೂ ಹಾಗೆಯೇ ಚೀಟಿ ಎತ್ತಿ ಪಕ್ಷ ಹಂಚಿಕೊಂಡು ವಾದಿಸುತ್ತಿದ್ದೆವು. ಪೈಲಟ್ ಹುಡುಗಿ ಕ್ಯಾಪ್ಟನ್ನನನ್ನು ಕ್ಷಮಿಸಬೇಕೇ, ಹಡಗು ಹಿಂದಕ್ಕೆ ತಿರುಗಬೇಕೇ, ಹೀಗೆ.

ಆಮೇಲೆ ಕಥೆಯೊಳಗೆ ಒಂದು ಇಕ್ಕಟ್ಟು ಬಂತು. ಹಡಗಿನ ಶಕ್ತಿ ಕಡಿಮೆಯಾಗುತ್ತಿದೆ. ಪೆಟ್ಟಿಗೆಗಳಲ್ಲಿ ಮಲಗಿಸಿಟ್ಟ ನಲವತ್ತು ಮಕ್ಕಳಿಗೆ ಉಸಿರಾಡಲು ಗಾಳಿ ಬೇಕು, ಅಜ್ಜಿಯ ಯಂತ್ರ ಓಡಿಸಲೂ ಅದೇ ಶಕ್ತಿ ಬೇಕು. ಕಥೆ ಮಾಡುವವನು ಕಂತಿನ ಕೊನೆಯಲ್ಲಿ ತಾನೇ ಮಾತಾಡಿದ: ಅಜ್ಜಿಯನ್ನು ಇಡಬೇಕೋ ತೆಗೆಯಬೇಕೋ ನೀವೇ ಹೇಳಿ, ಒಂದು ತಿಂಗಳೊಳಗೆ ನಿಮ್ಮ ದನಿಯಲ್ಲಿ ಕಳಿಸಿ, ಹೆಚ್ಚು ಮಂದಿ ಹೇಳಿದ್ದನ್ನೇ ಮಾಡುತ್ತೇನೆ.

ಆ ರವಿವಾರ ಕನ್ನಡಕದ ಡಬ್ಬಿಯಲ್ಲಿ ಚೀಟಿ ಹಾಕಿ ಎತ್ತಿದೆವು. ನನಗೂ ನೇಕಾರನಿಗೂ ‘ತೆಗೆಯಬೇಕು’ ಬಂತು. ಕಂಡಕ್ಟರಿಗೂ ಮಾಸ್ತರರಿಗೂ ‘ಇಡಬೇಕು’ ಬಂತು. ಇಡೀ ಕಥೆಯಲ್ಲಿ ನನಗೆ ಇಷ್ಟವಾಗಿದ್ದವಳು ಆ ಅಜ್ಜಿಯೊಬ್ಬಳೇ. ಆದರೂ ಚೀಟಿ ಬಿಚ್ಚಿದ ಕೂಡಲೇ ನನ್ನ ನಾಲಿಗೆ ತುರಿಸತೊಡಗಿತು. ಅದು ಯಂತ್ರ, ಅದಕ್ಕೆ ಜೀವವಿಲ್ಲ, ನೋವಿಲ್ಲ, ಇಪ್ಪತ್ತು ಕಂತಿನಿಂದ ಬರೀ ಬೈಗುಳ ಕೇಳಿ ಕಥೆ ನಿಂತಲ್ಲೇ ನಿಂತಿದೆ ಎಂದು ಶುರು ಮಾಡಿದೆ. ಎರಡು ವಾರದಲ್ಲಿ ಮಾಸ್ತರರು ಮೆತ್ತಗಾದರು. “ಲೆಕ್ಕಕ್ಕ ಹಿಡದ್ರ ಇವರು ಹೇಳೂದೂ ಬರೋಬ್ಬರಿ ಐತ್ರಿ” ಎಂದರು. ಅವಳು ಒಬ್ಬಳೇ ಉಳಿದಳು.

ಆಗ ಅವಳು ಪಕ್ಷ ಗಿಕ್ಷ ಬಿಟ್ಟು ಬೇರೆಯೇ ದನಿಯಲ್ಲಿ ಮಾತಾಡಿದಳು. “ಅಣ್ಣಾರ, ಆಟ ಸಾಕರಿ. ನಮ್ಮ ಅವ್ವ ಸೊಂಟಾ ಮುರಕೊಂಡು ಎಂಟ ತಿಂಗಳಾತು, ಹಾಸಿಗಿ ಬಿಟ್ಟ ಎದ್ದಿಲ್ಲ. ನಾ ಡ್ಯೂಟಿಗೆ ಹೋದ್ರ ಮನ್ಯಾಗ ಒಬ್ಬಾಕೀನ. ಯಾರ ಕೂಡನೂ ಮಾತಿಲ್ಲ. ಈ ಅಜ್ಜಿ ಬೈದ್ರ ಅಕಿಗೆ ತಿರುಗಿ ಬೈತಾಳ, ನಗತಾಳ. ಗುರುವಾರ ಬಂತಂದ್ರ ತಲಿ ಹಿಕ್ಕಸ್ಕೊಂಡು, ಹೆರಳ ಹಾಕಿಸ್ಕೊಂಡು ಕಾಯತಾಳ. ಎರಡ ತುತ್ತು ಹೆಚ್ಚಿಗಿ ಉಣತಾಳ. ನೀವು ತಗೀರಿ ಅಂತ ಕಳಸಬ್ಯಾಡ್ರಿ. ಕೈ ಮುಗೀತೇನಿ.”

ನಾನು ಸುಮ್ಮನಿರಬಹುದಿತ್ತು. ನೇಕಾರ ಕೂಡ ಮಿರ್ಚಿ ತಟ್ಟೆಯಲ್ಲಿಟ್ಟು ತಲೆ ಕೆಳಗೆ ಹಾಕಿದ್ದ. ನನಗೆ ಕಂಡದ್ದು ಒಂದೇ: ಇವಳು ಅಳು ತಂದು ಗೆಲ್ಲಲು ನೋಡುತ್ತಿದ್ದಾಳೆ.

“ಹಂಗಾರ ಆತಲ್ರಿ ಅಕ್ಕಾರ,” ಎಂದೆ. “ಹಾಸಿಗೀ ಹಿಡದು ಮಂದೀ ಉಸರು ತಿನ್ನಾಕಿ ಹಡಗಿನ್ಯಾಗ ಒಬ್ಬಾಕಿ, ನಿಮ್ಮ ಮನ್ಯಾಗ ಒಬ್ಬಾಕಿ. ಯಾವಾಕೀನ್ನ ಮೊದಲ ತಗಿಯೂಣು, ನೀವ ಹೇಳ್ರಿ.”

ನೇಕಾರ ಹಿಹಿ ಎಂದು ನಕ್ಕು, ಅರ್ಧಕ್ಕೇ ನಿಲ್ಲಿಸಿದ. ಅವಳು ನನ್ನ ಮುಖವನ್ನೇ ನೋಡಿದಳು. ಜವಾಬು ಬರಲಿಲ್ಲವೆಂದು ನಾನು ಗಾಜಿನ ಕಟ್ಟೆಯ ಮೇಲೆ ಎರಡು ಸಲ ಅಂಗೈ ಬಡಿದೆ, ಮಾವ ದಪ್ಪು ಬಡಿಯುತ್ತಿದ್ದ ಹಾಗೆ. ಅವಳು ತನ್ನ ಚೀಲ ಹೆಗಲಿಗೆ ಹಾಕಿಕೊಂಡು, ಅರ್ಧ ಎಳೆದ ಬಾಗಿಲ ಕೆಳಗೆ ಬಗ್ಗಿ ಹೊರಗೆ ಹೋದಳು.

ಇಷ್ಟಕ್ಕೆ ಬಿಟ್ಟಿದ್ದರೂ ನಾನು ಮನುಷ್ಯನೆನಿಸಿಕೊಳ್ಳುತ್ತಿದ್ದೆ. ಮರುದಿನದಿಂದ ಅಂಗಡಿಗೆ ಬಂದ ಗಿರಾಕಿಗಳನ್ನೆಲ್ಲ ಹಿಡಿದೆ. ನಂಬರ್ ತೆಗೆದು, ಚಾಳೀಸು ಮೂಗಿಗೇರಿಸಿ, ಫೋನು ಬಾಯಿಯ ಹತ್ತಿರ ಹಿಡಿದು, “ಒಂದ ಮಾತ ಅನ್ರಿ: ಅಜ್ಜೀನ ತಗೀರಿ” ಎನ್ನುವುದು. ಒಬ್ಬೊಬ್ಬರ ಫೋನಿನಿಂದಲೇ ಕಳಿಸಿಬಿಡುವುದು. ಕಥೆ ಏನೆಂದು ಅವರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಸಂಗೊಳ್ಳಿಯ ರೈತನೊಬ್ಬ, “ಯಾವ ಅಜ್ಜಿರಿ, ಏನ ಮಾಡ್ಯಾಳ?” ಎಂದು ಕೇಳಿದ, ಆದರೂ ಅಂದ. ದೊಡವಾಡದಿಂದ ಬಂದಿದ್ದ ಒಬ್ಬ ಹೆಂಗಸು ಮಾತ್ರ ಫೋನನ್ನು ಕೈಯಿಂದ ಸರಿಸಿ, “ಯಾರರೇ ಇರಲಿ ತಮ್ಮಾ, ತಗೀ ಅನ್ನಾಕ ನನಗ ಬಾಯಿ ಬರಂಗಿಲ್ಲ” ಎಂದಳು. ನಾನು ನಕ್ಕು, ಮುಂದಿನವರನ್ನು ಕರೆದೆ.

ಕಥೆ ಮಾಡುವವನು ನಮ್ಮ ಚೀಟಿಯನ್ನೂ ನೋಡಿರಲಿಲ್ಲ, ನನ್ನ ಮಾವನನ್ನೂ ನೋಡಿರಲಿಲ್ಲ. ಬಂದ ದನಿಗಳನ್ನೆಲ್ಲ ಖರೆ ಎಂದುಕೊಂಡ. ನಮ್ಮ ಸೀಮೆಯ ಮಾತಿನಲ್ಲೇ ಇಷ್ಟೊಂದು ಮಂದಿ ಅಜ್ಜಿ ಬೇಡ ಎಂದಿದ್ದಾರೆ, ಅವರದೇ ಮಾತಾಡುವವಳು ಅವರಿಗೇ ಬೇಡವಾದರೆ ನಾನೇನು ಮಾಡಲಿ ಎಂದು ಹೇಳಿ, ಗಡುವು ಮುಗಿದ ಗುರುವಾರ ಅಜ್ಜಿಯ ಯಂತ್ರ ನಿಲ್ಲಿಸಿಬಿಟ್ಟ. ನಾನು ಲೆನ್ಸ್ ತಿಕ್ಕುತ್ತ ಕೇಳಿದೆ. ಅಜ್ಜಿ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, ಊಟ ಬಿಡಬ್ಯಾಡ್ರಿ ಎಂದು ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಗಿ ನಿಂತುಹೋಯಿತು. ನನ್ನ ಕಣ್ಣು ತುಂಬಿತು. ಅದನ್ನು ಒರೆಸಿಕೊಂಡು ನಮ್ಮ ನಾಲ್ವರ ಫೋನ್ ಗುಂಪಿಗೆ ‘ಗೆದ್ದೆವು’ ಎಂದು ಬರೆದು ಕಳಿಸಿದೆ.

ಮೂರು ವಾರದ ಮೇಲೆ ಮಧ್ಯಾಹ್ನ, ಕಂಡಕ್ಟರ್ ತನ್ನ ಬಸ್ಸು ನಿಲ್ದಾಣದಲ್ಲಿ ನಿಂತಿದ್ದಾಗ, ಸಮವಸ್ತ್ರದಲ್ಲೇ ಅಂಗಡಿಗೆ ಬಂದಳು. “ನಮ್ಮ ಅವ್ವನ ಕಣ್ಣು ನೋಡಬೇಕಾಗೇತ್ರಿ. ಅಕಿ ಬರೂ ಹಂಗಿಲ್ಲ. ರವಿವಾರ ನೀವ ಬರ್ರಿ” ಎಂದಳು. ಮುಖ ಸಪ್ಪಗಿತ್ತು, ಸಿಟ್ಟೇನೂ ಕಾಣಲಿಲ್ಲ. ಎಲ್ಲ ಮರೆತಿದ್ದಾಳೆ ಎಂದುಕೊಂಡೆ, ನನಗೆ ಹಾಯೆನಿಸಿತು. ಆ ರವಿವಾರ ಲೆನ್ಸಿನ ಪೆಟ್ಟಿಗೆ ಹಿಡಿದುಕೊಂಡು ಸವದತ್ತಿಗೆ ಹೋದೆ.

ಚಿಕ್ಕ ಚೊಕ್ಕ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಮಂಚ. ಮಂಚದ ಮೇಲಿನ ಮುದುಕಿ ಹಿಡಿ ಮೂಳೆಯಷ್ಟಿದ್ದಳು, ಆದರೆ ಕಣ್ಣು ಚುರುಕಾಗಿದ್ದವು. ಮಗಳು ನನಗೆ ಖುರ್ಚಿ ಹಾಕಿ, ಮಂಚದ ಕಾಲ ಬಳಿ ನಿಂತು ಹೇಳಿದಳು: “ಅವ್ವಾ, ಅಜ್ಜಿ ಯಾಕ ಮಾತಾಡವಲ್ಲಳು ಅಂತ ಮೂರ ವಾರದಿಂದ ಕೇಳಾಕತ್ತಿದ್ದೆಲ್ಲ? ನಾ ನೆಟ್ ಇಲ್ಲ ಅಂದದ್ದು ಸುಳ್ಳ. ಇವರಿಗೆ ಎಲ್ಲಾ ಗೊತ್ತೈತಿ. ಇವರ ಹೇಳ್ತಾರ, ಕೇಳು.”

ನನ್ನ ಕೈಯಲ್ಲಿ ಪೆಟ್ಟಿಗೆ ಹಾಗೇ ಉಳಿಯಿತು. ಕಣ್ಣು ತೋರಿಸುವುದು ಬರೀ ನೆಪವಾಗಿತ್ತು.

“ಹೌದೇನ ತಮ್ಮಾ?” ಎಂದಳು ಮುದುಕಿ. “ನನ್ನ ಮ್ಯಾಲ ಸಿಟ್ಟಾಗ್ಯಾಳೇನ? ಹ್ವಾದ ಸಲ ನಾ ಭಾಳ ಬೈದಿದ್ದೆ ಅಕಿನ್ನ.”

“ಇಲ್ಲವಾ. ಅಕಿ ತೀರಕೊಂಡಳು.”

“ಸುಳ್ಳ. ಅಕಿ ಮೊದಲ ಸತ್ತಾಕಿ. ಸತ್ತಾಕಿ ಮತ್ತ ಹೆಂಗ ಸಾಯತಾಳ?”

ಇಷ್ಟು ವಾರ ನಮ್ಮ ನಾಲ್ವರಲ್ಲಿ ಒಬ್ಬರ ಬಾಯಿಗೂ ಬಾರದ ಸವಾಲು ಅದು. ಹೌದು ನೋಡವಾ, ಸತ್ತಿಲ್ಲ, ಬರತಾಳ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಗಳ ಬಲೆಯಿಂದಲೂ ನಾನು ಪಾರಾಗುತ್ತಿದ್ದೆ. ಆದರೆ ಸವಾಲು ಬಿದ್ದದ್ದೇ ತಡ, ನನಗೆ ಮೈಯೆಲ್ಲ ಬಿಸಿಯಾಯಿತು. ಮೊದಲ ಸಲ ಸತ್ತದ್ದು ದೇಹ, ಎರಡನೆಯ ಸಲ ಹೋದದ್ದು ದನಿ ಎಂದೆ. ಅವಳು ಒಪ್ಪಲಿಲ್ಲ. ದನಿ ಎಲ್ಲಿಗೆ ಹೋಗುತ್ತದೆ, ಎಲ್ಲೋ ಇದ್ದೇ ಇರುತ್ತದೆ ಎಂದಳು. ಯಂತ್ರ ಆರಿತು, ಒಳಗಿದ್ದದ್ದನ್ನೆಲ್ಲ ಅಳಿಸಿದರು, ಇನ್ನು ಅವಳು ಬರುವ ಹಾಗೇ ಇಲ್ಲ ಎಂದೆ. ನೀನು ಕಂಡಿಯೇನು ಎಂದಳು. ನಾನು ಫೋನು ತೆಗೆದು ಆ ಕಂತಿನ ಕೊನೆಯನ್ನು ಅವಳ ಕಿವಿಯ ಹತ್ತಿರವೇ ಹಚ್ಚಿದೆ.

ಅವಳು ಮೊದಮೊದಲು ಪುರಾಣ ಕೇಳುವವರ ಹಾಗೆ ಹೂಂ, ಹೂಂ ಎನ್ನುತ್ತಿದ್ದಳು. ಊಟ ಬಿಡಬ್ಯಾಡ್ರಿ ಎಂಬಲ್ಲಿಗೆ ಬಂದಾಗ, “ಬಿಡಂಗಿಲ್ಲ ಬಿಡವಾ” ಎಂದು ಜವಾಬು ಕೊಟ್ಟಳು. ದನಿ ನಿಂತಿತು. ಅವಳು ಕಾದಳು. ನಾನು ಫೋನಿನ ಪರದೆಯನ್ನು ಅವಳ ಮುಖಕ್ಕೆ ಹಿಡಿದು, “ನೋಡ್ರಿ, ಮುಗೀತು. ಮುಂದ ಏನೂ ಇಲ್ಲ” ಎಂದೆ.

“ಯಾರು ಆರಸು ಅಂದವ್ರು?”

“ಮಂದಿ ಅಂದ್ರು.”

“ನೀನೂ ಅಂದೆ?”

“ಅಂದೆ. ನಲವತ್ತು ಮಕ್ಕಳು ಸಾಯತಿದ್ದುವು. ಈಗ ಉಳದುವು.”

“ಹಂಗಾರ ನಿನ್ನ ಮಾತ ಖರೆ ಆತು” ಎಂದು ಮುದುಕಿ ಮುಖವನ್ನು ಗೋಡೆಯ ಕಡೆಗೆ ಹೊರಳಿಸಿದಳು. ಮಗಳಿಗೆ, “ಇನ್ನ ಗುರುವಾರ ನನ್ನ ತಲಿ ಹಿಕ್ಕಬ್ಯಾಡ” ಎಂದಳು.

ಇದನ್ನು ಬರೆಯದಿದ್ದರೆ ಉಳಿದದ್ದೆಲ್ಲ ಬರೆದೂ ಉಪಯೋಗವಿಲ್ಲ: ಆ ಕ್ಷಣ ನನಗೆ ಗೆದ್ದ ಖುಷಿಯಾಯಿತು. ಹಾಸಿಗೆಯಲ್ಲಿ ಬಿದ್ದ ಮುದುಕಿಯ ಬಾಯಿ ಕಟ್ಟಿಸಿ ಖುಷಿಪಟ್ಟೆ. ಅಂಗೈ ತೊಡೆಯ ಮೇಲೆ ಬಡಿಯಲು ಎದ್ದಿತ್ತು. ಮಗಳು ಅದನ್ನು ನೋಡಿದಳು. ನಾನು ಕೈಯನ್ನು ಪೆಟ್ಟಿಗೆಯ ಹಿಡಿಕೆಗೆ ಹಾಕಿ ಎದ್ದೆ.

ಬಾಗಿಲವರೆಗೆ ಅವಳು ಹಿಂದೆ ಬಂದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು.

“ಅವ್ವ ಸಾಯೂತನಕ ನಾ ಸುಳ್ಳ ಹೇಳಬಹುದಿತ್ರಿ,” ಎಂದಳು. “ನಿಮ್ಮ ಬಾಯಿಲೇ ಹೇಳಸಬೇಕು, ನಿಮಗ ಹೆಂಗಾಗತೈತಿ ನೋಡಬೇಕು ಅಂತ ಕರಕೊಂಡ ಬಂದೆ. ನಿಮಗ ಏನೂ ಆಗಲಿಲ್ಲ. ನನ್ನ ಹಡದಾಕಿಗೆ ನಾನ ಬರೆ ಎಳದೆ.”

ನಾನು ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟಿಕೊಂಡೆ.

ಒಳಗಿನಿಂದ ಮುದುಕಿ, “ಅವರಿಗೆ ಚಾ ಕೊಟ್ಟಿಯೇನ?” ಎಂದು ಕೇಳಿದಳು.

“ಕುಡದ್ರವಾ” ಎಂದು ಕೂಗಿ ಹೇಳಿ, ಅವಳು ನನ್ನ ಮುಖ ನೋಡುತ್ತಲೇ ಬಾಗಿಲು ಹಾಕಿಕೊಂಡಳು.